ಯಾವ ಬುಡು

ಎಂಬತ್ತೆರಡು ಎಂಬ ಸಂಖ್ಯೆ ನನಗೆ ಇವತ್ತಿಗೂ ಕೆಂಪಾಗಿಯೇ ಕಾಣುತ್ತದೆ. ಬಸ್ಸಿನ ಹಣೆಯ ಮೇಲೆ ಕಂಡರೂ, ಯಾರದೋ ಮನೆಯ ಬಾಗಿಲಿನ ಮೇಲೆ ಕಂಡರೂ ಮೊದಲು ಕೆಂಪು ಬರುತ್ತದೆ, ಬಸ್ಸು ಮನೆ ಆಮೇಲೆ. ತೊಂಬತ್ತರ ದಶಕದ ಕೊನೆಯಲ್ಲಿ ಎರಡು ಮಳೆಗಾಲ ನಾನು ದಿನಕ್ಕೆ ಎಂಟು ಗಂಟೆ ಆ ಸಂಖ್ಯೆಯ ಎದುರು ಕೂತಿದ್ದೆ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಚೆಂಡು ಹೂವು ಒಣಗಿಸುವ ಒಂದು ಕಾರ್ಖಾನೆ ಇತ್ತು. ಚಾಮರಾಜನಗರ ಆಗ ಜಿಲ್ಲೆಯಾಗಿತ್ತೋ ಇಲ್ಲವೋ ಎಂದು ಕೇಳಿದರೆ ಹೇಳಲಾರೆ. ಕಾಗದಗಳ ಮೇಲೆ ಒಮ್ಮೆ ಮೈಸೂರು ಜಿಲ್ಲೆ ಎಂದೂ ಇನ್ನೊಮ್ಮೆ ಚಾಮರಾಜನಗರ ಜಿಲ್ಲೆ ಎಂದೂ ಟೈಪ್ ಮಾಡಿದ್ದು ನೆನಪಿದೆ, ಯಾವುದು ಮೊದಲು ಎಂಬುದು ನೆನಪಿಲ್ಲ. ಹಂಗಳದ ಕಡೆಯ ಹೊಲಗಳಿಂದ ಹೂವು ಲಾರಿಯಲ್ಲಿ ಬರುತ್ತಿತ್ತು. ಅದನ್ನು ಕೊಳೆಹಾಕಿ, ಹಿಂಡಿ, ತಟ್ಟೆಗಳಲ್ಲಿ ಹರಡಿ ಡ್ರೈಯರಿಗೆ ತಳ್ಳುತ್ತಿದ್ದರು. ಡ್ರೈಯರ್ ಎಂದರೆ ಒಂದು ಕೋಣೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಒಲೆಯ ಬಿಸಿಗಾಳಿ ಅದರೊಳಗೆ ಸುತ್ತಿ ಹೂವು ಪುಡಿಯಾಗುವಷ್ಟು ಒಣಗಬೇಕು. ಆ ಪುಡಿಯ ಬಣ್ಣ ಕೊನೆಗೆ ಕೋಳಿಯ ಮೇವಿಗೆ ಸೇರಿ ಮೊಟ್ಟೆಯ ಹಳದಿಯನ್ನು ಗಾಢ ಮಾಡುತ್ತದಂತೆ. ಇದನ್ನು ಮೊದಲು ಕೇಳಿದ ದಿನ ಹೂವು ಹರಡುವ ಹೆಂಗಸರೆಲ್ಲ ಸೇರಿ ನಕ್ಕಿದ್ದರು.

ಡ್ರೈಯರನ್ನು ಮೊದಲು ನಡೆಸುತ್ತಿದ್ದವರು ಹರವೆ ಕಡೆಯ ಒಬ್ಬರು. ಐವತ್ತು ದಾಟಿದವರು. ಎಲ್ಲರೂ ಅವರನ್ನು ಡ್ರೈಯರಣ್ಣ ಎಂದೇ ಕರೆಯುತ್ತಿದ್ದರು. ಅವರು ಒಂದು ಹಿಡಿ ಹೂವು ತೆಗೆದು, ಮುಷ್ಟಿಯಲ್ಲಿ ಹಿಂಡಿ, ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಗರಗರ ಅಂದರೆ ಒಣಗಿದೆ. ಸದ್ದಿಲ್ಲದಿದ್ದರೆ ಇನ್ನೂ ಗಾಳಿ. ಸೀದ ವಾಸನೆ ಬಂದರೆ ಪಕ್ಕದ ಚಕ್ರ ತಿರುಗಿಸಿ ಒಳಗಿನ ಪೈಪುಗಳಿಂದ ನೀರು ಸುರಿಸುವುದು. ಒಣಗಿದ ಹೂವಿಗೆ ಬೆಂಕಿ ಹತ್ತಿದರೆ ಶೆಡ್ಡೇ ಹೋಗುತ್ತದೆ, ಪಕ್ಕದಲ್ಲೇ ಇಪ್ಪತ್ತು ಹೆಂಗಸರು ಕೂತಿರುತ್ತಾರೆ.

ಆಮೇಲೆ ಪ್ಯಾನೆಲ್ ಬಂತು, ಪ್ಯಾನೆಲ್ಲಿನ ಜೊತೆ ನಾನು ಬಂದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತಿದ್ದವಳು. ಗಾಜಿನ ಕಿಟಕಿಯ ಸಣ್ಣ ಕೋಣೆ, ಒಂದು ಕುರ್ಚಿ, ಗೋಡೆಗೆ ಬೂದು ಬಣ್ಣದ ಪೆಟ್ಟಿಗೆ, ಅದರ ಮೇಲೆ ಕೆಂಪು ಅಂಕೆ. ಡ್ರೈಯರಿನೊಳಗೆ ಚುಚ್ಚಿದ್ದ ಒಂದು ಕಡ್ಡಿ ಶಾಖವನ್ನು ಅಳೆದು ತಂತಿಯಲ್ಲಿ ಕಳಿಸುತ್ತಿತ್ತು. ಎಂಬತ್ತೆರಡು ಇರಬೇಕು. ಕಡಿಮೆಯಾದರೆ ಪ್ಯಾನೆಲ್ ತಾನೇ ಬಿಸಿಗಾಳಿ ಬಿಡುತ್ತದೆ, ಹೆಚ್ಚಾದರೆ ತಾನೇ ತಡೆಯುತ್ತದೆ, ನೂರಹತ್ತು ದಾಟಿದರೆ ತಾನೇ ನೀರು ಬಿಡುತ್ತದೆ. ಎಲ್ಲ ಅದೇ ಮಾಡುವುದಾದರೆ ನನ್ನ ಕೆಲಸ ಏನು ಎಂದು ಇಂಜಿನಿಯರನ್ನು ಕೇಳಿದ್ದೆ. ಕೊಯಮತ್ತೂರಿನವರು, ಪ್ಯಾನೆಲ್ ಕೂರಿಸಿದವರು ಅವರೇ. "ನೋಡ್ಕೊಳ್ಳೋದು ಮಾ. ಸುಮ್ಮನೆ ನೋಡ್ಕೊಳ್ಳೋದು" ಎಂದರು.

ಸುಮ್ಮನೆ ನೋಡಿಕೊಳ್ಳುವುದು ಎಷ್ಟು ಕಷ್ಟ ಎಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಮೊದಲ ವಾರ ನಾನು ಕಣ್ಣು ಮಿಟುಕಿಸಲೂ ಹೆದರುತ್ತಿದ್ದೆ. ಎರಡನೆಯ ವಾರ ಬಜರ್ ಶುರುವಾಯಿತು. ಎಂಬತ್ತನಾಲ್ಕಕ್ಕೆ ಒಂದು ಸಲ, ಎಂಬತ್ತಕ್ಕೆ ಒಂದು ಸಲ, ಬಾಗಿಲು ತೆರೆದರೆ ಒಂದು ಸಲ. ಪ್ರತಿ ಸಲವೂ ನಾನು ಹೊರಗೆ ಓಡುತ್ತಿದ್ದೆ. ಹೊರಗೆ ಏನೂ ಆಗಿರುತ್ತಿರಲಿಲ್ಲ. ಹೂವು ಹರಡುವ ಹೆಂಗಸರಲ್ಲಿ ಹಂಗಳದ ಒಬ್ಬಳಿದ್ದಳು. ಅವಳ ಬಾಯಿಗೆ ಇಂಜಿನಿಯರೂ ಹೆದರುತ್ತಿದ್ದರು. ಬಜರ್ ಕೇಳಿದೊಡನೆ ಅವಳು ಕೂಗುವಳು:

"ಅಮ್ಮೀ, ನಿನ್ ಕೂಸು ಅಳ್ತಾ ಅದ, ಓಗಿ ಹಾಲು ಕುಡ್ಸು!"

ಮದುವೆಯಾಗದವಳಿಗೆ ಆ ಮಾತು ಚುಚ್ಚುತ್ತಿತ್ತು. ಓಡುವುದನ್ನು ಬಿಟ್ಟೆ. ಬಜರಿನ ತೂತಿಗೆ ಗಾಯದ ಪಟ್ಟಿ ಅಂಟಿಸಿದೆ, ಸದ್ದು ಮೆತ್ತಗಾಯಿತು. ಬಜರ್ ನಿಲ್ಲಿಸುವ ಗುಂಡಿಯನ್ನು ತಲೆ ಎತ್ತದೆ ಒತ್ತಲು ಬೆರಳು ಕಲಿಯಿತು. ಮೂರನೆಯ ತಿಂಗಳ ಹೊತ್ತಿಗೆ ಬಜರ್ ಕೂಗಿತೋ ಇಲ್ಲವೋ ಎಂಬುದು ಬೆರಳಿಗೆ ಗೊತ್ತಿರುತ್ತಿತ್ತು, ನನಗಲ್ಲ.

ಡ್ರೈಯರಣ್ಣನನ್ನು ತೆಗೆಯಲಿಲ್ಲ, ಆದರೆ ಅವರ ಕೈ ಕಟ್ಟಿದರು. ನೀರಿನ ಚಕ್ರದ ಮೇಲೆ ಒಂದು ಚೀಟಿ ಅಂಟಿಸಿದರು: ಪ್ಯಾನೆಲ್ ರೂಮಿನ ಅನುಮತಿ ಇಲ್ಲದೆ ಮುಟ್ಟಬಾರದು. ಚಕ್ರದ ಪಕ್ಕದಿಂದ ನನ್ನ ಮೇಜಿಗೆ ಒಂದು ಇಂಟರ್‌ಕಾಂ ಎಳೆದರು. ನನ್ನ ಗಾಜಿನ ಮೇಲೆ ಸದಾ ಕೇಸರಿ ಪುಡಿ ಕೂತಿರುತ್ತಿದ್ದರಿಂದ ಅವರು ನನಗೆ ಕಾಣುತ್ತಿರಲಿಲ್ಲ. ನಾನು ಅವರಿಗೆ ಒಂದು ದನಿ, ಅವರು ನನಗೆ ಒಂದು ದನಿ. ಇಂಜಿನಿಯರ್ ಇದ್ದಾಗ ನನ್ನನ್ನು ಮೇಡಂ ಎನ್ನಬೇಕಿತ್ತು, ಇಲ್ಲದಾಗ ಅಮ್ಮಿ ಎನ್ನುತ್ತಿದ್ದರು. ಎರಡೂ ಬೆರೆತು ಒಮ್ಮೊಮ್ಮೆ ಮೇಡಮ್ಮಿ ಆಗುತ್ತಿತ್ತು.

ಒಂದು ದಿನ ಅವರು ಅನುಮತಿ ಕೇಳದೆ ಚಕ್ರ ತಿರುಗಿಸಿಬಿಟ್ಟರು. ಸೀದ ವಾಸನೆ ಬಂತು ಎಂದರು. ಬಾಗಿಲು ತೆರೆದರೆ ಒಳಗೆ ಒದ್ದೆ ಹೂವು ಬಿಟ್ಟು ಇನ್ನೇನೂ ಇರಲಿಲ್ಲ. ವಾಸನೆ ಬಂದದ್ದು ಪಕ್ಕದ ತೋಟದ ಆಲೆಮನೆಯಿಂದ, ಅಲ್ಲಿ ಬೆಲ್ಲದ ಪಾಕ ತಳ ಹಿಡಿದಿತ್ತು. ಇಂಜಿನಿಯರ್ ಎಲ್ಲರ ಎದುರು ಹೇಳಿದರು, "ಇನ್ನೊಂದು ಸಲ ಪರ್ಮಿಷನ್ ಇಲ್ಲದೆ ಕೈ ಹಾಕಿದ್ರೆ ಗೇಟ್ ಹೊರಗೆ. ಆಮೇಲೆ ನನ್ನ ಕೇಳ್ಬೇಡಿ." ಡ್ರೈಯರಣ್ಣನ ಬೆನ್ನು ಹಿಡಿದುಕೊಂಡಿತ್ತು. ಬಗ್ಗಿ ಕಳೆ ಕೀಳಲಾಗದು, ಮೂಟೆ ಹೊರಲಾಗದು. ನಿಂತು ಮಾಡುವ ಕೆಲಸ ಅವರಿಗೆ ಆ ಸೀಮೆಯಲ್ಲಿ ಇದೊಂದೇ ಇತ್ತು, ಅದು ಎಲ್ಲರಿಗೂ ಗೊತ್ತಿತ್ತು.

ಇನ್ನು ಆ ದಿನ. ಬೆಳಿಗ್ಗೆ ಬಸ್ಸು ತಡವಾಗಿತ್ತು. ಪಡುವಣ ಗಾಳಿ, ಮೋಡ, ಮಳೆಯಿಲ್ಲ. ಒಂದು ನೆನಪಿನಲ್ಲಿ ನಾನು ಕುರ್ಚಿಯಲ್ಲಿ ಕೂತು ಕ್ರೋಷ ಹಾಕುತ್ತಿದ್ದೇನೆ. ಇನ್ನೊಂದರಲ್ಲಿ ಉಪ್ಪು ಹಚ್ಚಿದ ಸೀಬೆಕಾಯಿ ತಿನ್ನುತ್ತಿದ್ದೇನೆ. ಎರಡರಲ್ಲೂ ಬಜರ್ ಕೂಗಿಲ್ಲ. ಬೆಳಗಿನಿಂದ ಒಂದು ಸಲವೂ ಕೂಗಿಲ್ಲ. ಅಂಕೆ ಎಂಬತ್ತೆರಡರಲ್ಲೇ ನಿಂತಿತ್ತು. ಸಾಮಾನ್ಯವಾಗಿ ಅದು ಎಂಬತ್ತೊಂದು, ಎಂಬತ್ತಮೂರು ಎಂದು ತೂಗಾಡುತ್ತಿತ್ತು. ಅವತ್ತು ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಅದನ್ನು ನೋಡಿ ನನಗೆ ಅನುಮಾನ ಬರಬೇಕಿತ್ತು. ಬಂದದ್ದು ನೆಮ್ಮದಿ. ಕೂಸು ಕೊನೆಗೂ ನಿದ್ದೆ ಹೋಯಿತು ಅಂದುಕೊಂಡೆ.

ಹನ್ನೊಂದರ ಸುಮಾರಿಗೆ ಇಂಟರ್‌ಕಾಂ ಗೊರಗುಟ್ಟಿತು.

"ಅಮ್ಮಿ, ವಾಸ್ನೆ ಬತ್ತಾ ಅದ ಕಣ."

"ಎಂಥ ವಾಸನೆ ಅಣ್ಣ?"

"ಬೆಲ್ಲ ಸೀದಂಗೆ."

"ಆಲೆಮನೇದಿರಬೇಕು. ಅವತ್ತಿನ ಹಾಗೆ."

"ಆಲೆಮನೆ ಇರದು ಮೂಡ್ಲಾಗೆ. ಗಾಳಿ ಪಡುವ್ಲಿಂದ ಬೀಸ್ತಾ ಅದ. ಹೆಂಗಮ್ಮಿ ಬಂದದು?"

ನಾನು ಅಂಕೆ ನೋಡಿದೆ. "ಇಲ್ಲಿ ಎಂಬತ್ತೆರಡೇ ಇದೆಯಣ್ಣ. ಸರಿಯಾಗಿದೆ."

"ನಿನ್ ಎಂಬತ್ತೆರಡ್ಕ ಮೂಗದಾ?"

ನನಗೆ ರೇಗಿತು. ಅವರ ಮಾತಿಗಲ್ಲ. ಮತ್ತೆ ಎದ್ದು ಓಡಬೇಕು, ಮತ್ತೆ ಏನೂ ಇರುವುದಿಲ್ಲ, ಮತ್ತೆ ಹೆಂಗಸರು ನಗುತ್ತಾರೆ. ಒಳಗೆ ಸುಟ್ಟಿದೆಯೋ ಇಲ್ಲವೋ ಎಂಬುದಕ್ಕಿಂತ ನಗುವುದೇ ಆ ಕ್ಷಣದಲ್ಲಿ ದೊಡ್ಡದಾಗಿ ಕಂಡಿತು. ಎದುರಿಗೆ ಅಲುಗಾಡದ ಅಂಕೆ, ಕಿವಿಯಲ್ಲಿ ಒಬ್ಬ ಮುದುಕನ ಉಸಿರು. ನಾನು ಅಂಕೆಯ ಕಡೆಗಿದ್ದೆ.

"ನೀರ್ ಬುಡ್ಲಾ?" ಎಂದು ಕೇಳಿದರು.

"ಬುಡಣ್ಣ, ಬುಡು" ಎಂದೆ.

ನಮ್ಮ ಸೀಮೆಯಲ್ಲಿ ಬಿಡು ಎಂಬುದು ಬುಡು. ನೀರು ಬುಡು ಎಂದರೆ ಹರಿಯಲು ಬಿಡು. ಅಯ್ಯೋ ಬುಡು ಎಂದರೆ ಸಾಕು, ಆ ಗೊಡವೆ ಬೇಡ. ಕಾರ್ಖಾನೆಯಲ್ಲಿ ನಾನು ಪುಸ್ತಕದ ಮಾತೇ ಆಡುತ್ತಿದ್ದೆ. ರೇಗಿದಾಗ ಮನೆಯ ಮಾತು ಬಾಯಿಗೆ ಬಂತು. ನಾನು ಹೇಳಿದ್ದು ಎರಡನೆಯ ಬುಡು. ಸುಮ್ಮನಿರಣ್ಣ, ಮೂಗಿನ ಮಾತು ಕೇಳಬೇಡ ಎಂದು.

ನೀರಿನ ಸದ್ದು ಕೇಳಿತು.

ಮೊದಲು ಪೈಪಿನೊಳಗೆ ಗುಡುಗಿದ ಹಾಗೆ, ಆಮೇಲೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಅಂಕೆ ಬೆಳಗಿನಿಂದ ಮೊದಲ ಸಲ ಅಲುಗಿತು. ಎಪ್ಪತ್ತೊಂಬತ್ತು, ಎಪ್ಪತ್ತು, ಐವತ್ತಾರು. ಬಜರ್ ಕೂಗಿತು. ಬೆಳಗಿನಿಂದ ಬಾಯಿ ಬಿಡದ ಪ್ಯಾನೆಲ್ ಮೊದಲು ದೂರಿದ್ದು ತಣ್ಣಗಾಯಿತು ಎಂದು. ನನ್ನ ಬೆರಳು ತಾನಾಗಿ ಗುಂಡಿ ಒತ್ತಿತು. ನಾನು ಹೊರಗೆ ಓಡಿದೆ.

ಡ್ರೈಯರಣ್ಣ ಚಕ್ರದ ಮೇಲೆ ಎರಡೂ ಕೈಯಿಟ್ಟು ನಿಂತಿದ್ದರು. ಬಾಗಿಲಿನ ಅಡಿಯಿಂದ ಹಳದಿ ನೀರು ಹರಿದು ಹೆಂಗಸರು ಕೂತಲ್ಲಿಗೆ ಹೋಗುತ್ತಿತ್ತು. ಅವರು ಸೀರೆ ಎತ್ತಿ ಹಿಂದಕ್ಕೆ ಸರಿಯುತ್ತಿದ್ದರು.

"ಏನಣ್ಣ ಮಾಡಿದ್ರಿ?" ಎಂದೆ.

"ನೀ ಬುಡು ಅಂದೆ, ಬುಟ್ಬುಟ್ಟೆ."

ಅಷ್ಟರಲ್ಲಿ ಇಂಜಿನಿಯರ್ ಬಂದರು. ಬಾಗಿಲು ತಕ್ಷಣ ತೆರೆಯುವಂತಿಲ್ಲ. ಒಳಗೆ ಕೆಂಡವಿದ್ದರೆ ಹೊರಗಿನ ಗಾಳಿ ತಗುಲಿ ಭಗ್ಗೆನ್ನುತ್ತದೆ. ಅರ್ಧ ಗಂಟೆ ಕಾಯಬೇಕು. ಆ ಅರ್ಧ ಗಂಟೆ ನಾವು ಮೂವರೂ ಆ ಬಾಗಿಲಿನ ಮುಂದೆ ನಿಂತಿದ್ದೆವು. ಒಳಗೆ ಸುಟ್ಟದ್ದೇನೂ ಸಿಗದಿದ್ದರೆ ಡ್ರೈಯರಣ್ಣ ಗೇಟ್ ಹೊರಗೆ. ಸಿಕ್ಕರೆ ಇಂಜಿನಿಯರ್ ಕೂರಿಸಿದ ಪ್ಯಾನೆಲ್ ಸುಳ್ಳು ಹೇಳಿತು ಎಂದಾಗುತ್ತದೆ. ಅವರ ಮುಖವೂ ಬೆವೆತಿತ್ತು, ಅದನ್ನು ಮರೆತು ಬರೆದರೆ ಅವರಿಗೆ ಅನ್ಯಾಯ.

"ಮೀಟರ್ ಎಷ್ಟಿತ್ತು?" ಎಂದು ನನ್ನನ್ನು ಕೇಳಿದರು.

"ಎಂಬತ್ತೆರಡು ಸರ್."

"ಮತ್ತೆ ನೀರು ಯಾಕೆ? ಪರ್ಮಿಷನ್ ಕೊಟ್ಟದ್ದು ಯಾರು?"

ಡ್ರೈಯರಣ್ಣ ತಮ್ಮ ಪಾದ ನೋಡಿಕೊಂಡರು. ಹಳದಿ ನೀರು ಅವರ ಹವಾಯಿ ಚಪ್ಪಲಿಯ ಸುತ್ತ ನಿಂತಿತ್ತು.

"ಮೇಡಂ ಬುಡು ಅಂದ್ರು" ಎಂದರು.

"ಅಂದ್ರಾ ಮಾ?"

"ಅಂದೆ ಸರ್. ಬುಡು ಅಂದೆ."

"ಯಾವ ಬುಡು?"

ಹಂಗಳದವಳು ಹಿಂದಿನಿಂದ ಕಿಸಕ್ಕೆಂದು ನಕ್ಕಳು. "ಬುಡಲ್ಲಿ ಎಷ್ಟ್ ತರ ಅದ ಸಾ? ನಾ ಒಂದೇ ಬುಡು ಕಂಡಿರೋಳು, ನನ್ ಗಂಡ ಬುಟ್ಟೋಗಿದ್ದು."

ಹೆಂಗಸರೆಲ್ಲ ನಕ್ಕರು. ಇಂಜಿನಿಯರ್ ನಗಲಿಲ್ಲ. ಅವರಿಗೆ ಆ ಮಾತು ಗೊತ್ತಿತ್ತು. ತಮಿಳಿನಲ್ಲೂ ವಿಡು ಎಂದರೆ ಹೀಗೇ ಎರಡು ಕಡೆಗೆ ಹೋಗುತ್ತದೆ, ಅದಕ್ಕೇ ಅವರು ಕೇಳಿದ್ದು. ಬೇರೆ ಊರಿನವರಾಗಿದ್ದರೆ ಕೇಳುತ್ತಲೇ ಇರಲಿಲ್ಲ.

"ನೀರು ಬುಡು ಅಂತ, ಸರ್" ಎಂದೆ.

ಇಲ್ಲಿ ನನಗೆ ನನ್ನ ಮೇಲೆ ನಂಬಿಕೆಯಿಲ್ಲ. ಈ ಮಾತನ್ನು ನಾನು ಬಾಗಿಲು ತೆರೆಯುವ ಮೊದಲು ಆಡಿದೆ ಎಂದೇ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೇನೆ. ಒಳಗೆ ಏನಿದೆ ಎಂದು ಗೊತ್ತಿಲ್ಲದೆ, ಆ ಮನುಷ್ಯನ ಕೆಲಸ ಉಳಿಸಲು ತಪ್ಪನ್ನು ನನ್ನ ಮೇಲೆ ಎಳೆದುಕೊಂಡೆ ಎಂದು. ಹಾಗಿದ್ದರೆ ನಾನು ಒಳ್ಳೆಯವಳು. ಆದರೆ ಇನ್ನೊಂದು ಚಿತ್ರವೂ ಇದೆ. ಅದರಲ್ಲಿ ಬಾಗಿಲು ಆಗಲೇ ತೆರೆದಿದೆ, ಹಬೆ ಬರುತ್ತಿದೆ, ಸುಟ್ಟ ಮುದ್ದೆ ನನ್ನ ಕಣ್ಣಿಗೆ ಬಿದ್ದಿದೆ, ಆಮೇಲೆ ನಾನು ಹೇಳುತ್ತಿದ್ದೇನೆ: ನೀರು ಬುಡು ಅಂತ, ಸರ್. ಹಾಗಿದ್ದರೆ ನಾನು ಗೆದ್ದ ಕಡೆಗೆ ಹೋಗಿ ನಿಂತವಳು. ಆದರೆ ಈ ಎರಡನೆಯ ಚಿತ್ರದಲ್ಲಿ ಹಂಗಳದವಳು ನಗುವುದಿಲ್ಲ, ಮೊದಲನೆಯದರಲ್ಲಿ ನಗುತ್ತಾಳೆ. ಆ ನಗು ನಿಜ ಎಂದು ನನಗೆ ಗಟ್ಟಿಯಾಗಿ ಗೊತ್ತು. ಅದನ್ನು ಹಿಡಿದುಕೊಂಡೇ ಮೊದಲನೆಯದನ್ನು ನಂಬುತ್ತಿದ್ದೇನೆ. ಒಂದು ನಗುವಿನ ಮೇಲೆ ಇಷ್ಟು ಭಾರ ಹಾಕಬಾರದು, ಆದರೂ ಹಾಕಿದ್ದೇನೆ.

ಬಾಗಿಲು ತೆರೆದರು. ಮೊದಲು ಹಬೆ. ಮೇಲಿನ ಎರಡು ಸಾಲಿನ ತಟ್ಟೆಗಳಲ್ಲಿ ಒದ್ದೆ ಹೂವು ಮಾತ್ರ. ಇಂಜಿನಿಯರ್ ಡ್ರೈಯರಣ್ಣನ ಕಡೆ ತಿರುಗಿ ನೋಡಿದರು. ಮೂರನೆಯ ಸಾಲಿನಲ್ಲೂ ಏನಿಲ್ಲ. ಡ್ರೈಯರಣ್ಣ ಒಂದು ಕಬ್ಬಿಣದ ಸಲಾಕೆ ತೆಗೆದುಕೊಂಡು, ಬಗ್ಗಲಾರದ ಬೆನ್ನನ್ನು ಬಾಗಿಲಿಗೆ ಒರಗಿಸಿ, ಕೊನೆಯ ತಟ್ಟೆಯ ಮೂಲೆಗೆ ಚಾಚಿ ಎಳೆದರು. ಒಂದು ಹಲಸಿನ ಹಣ್ಣಿನಷ್ಟು ಕಪ್ಪು ಮುದ್ದೆ ನೆಲಕ್ಕೆ ಉರುಳಿ ಒಡೆಯಿತು. ಒಳಗೆ ಕೆಂಪಗಿತ್ತು. ಹೆಂಗಸರು ನಗುವುದನ್ನು ನಿಲ್ಲಿಸಿದ್ದರು.

ಶಾಖ ಅಳೆಯುವ ಕಡ್ಡಿಯ ಮೇಲೆ, ಮೇಲಿನ ತಟ್ಟೆಯಿಂದ ಜಾರಿದ ಹಸಿ ಹೂವಿನ ಮುದ್ದೆಯೊಂದು ಟೋಪಿಯ ಹಾಗೆ ಕೂತಿತ್ತು. ಕಡ್ಡಿ ಅಳೆಯುತ್ತಿದ್ದದ್ದು ಆ ಟೋಪಿಯ ಒಳಗಿನ ತಂಪನ್ನು. ಪ್ಯಾನೆಲ್ ಅದನ್ನೇ ನಂಬಿ ಇನ್ನಷ್ಟು, ಇನ್ನಷ್ಟು ಬಿಸಿಗಾಳಿ ಬಿಟ್ಟು, ಟೋಪಿಯ ಒಳಗನ್ನು ಎಂಬತ್ತೆರಡರಲ್ಲಿ ಇಡಲು ಬೆಳಗಿನಿಂದ ಹೆಣಗುತ್ತಿತ್ತು. ಅದು ಸುಳ್ಳು ಹೇಳಿರಲಿಲ್ಲ. ನನ್ನ ಹಾಗೇ ಅದೂ ಒಂದು ಮುಚ್ಚಿದ ಕೋಣೆಯಲ್ಲಿ ಕೂತು ಬೇರೆ ಯಾರೋ ಹೇಳಿದ್ದನ್ನು ನಂಬಿತ್ತು.

ಇಂಜಿನಿಯರ್ ಕಡ್ಡಿಯ ಮೇಲಿನ ಆ ಹಸಿ ಮುದ್ದೆಯನ್ನು ಕೈಯಿಂದ ತೆಗೆದು ಬಹಳ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ ನನಗೆ ಲಾಗ್ ಪುಸ್ತಕ ತರಲು ಹೇಳಿದರು. ಅದು ಇಂಗ್ಲಿಷಿನಲ್ಲಿ ತುಂಬುವ ಪುಸ್ತಕ. ಅನುಮತಿ ಕೇಳಿದರೇ, ಕೊಟ್ಟಿರೇ ಎಂದು ಎರಡು ಕಾಲಂ. ಹೌದು ಎಂದು ಬರೆಯಬೇಕು, ಇಲ್ಲ ಎಂದು ಬರೆಯಬೇಕು. ಬುಡು ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಎರಡರಲ್ಲೂ ಹೌದು ಎಂದು ಬರೆದು ಸಹಿ ಹಾಕಿದೆ. ಇಂಜಿನಿಯರಿಗೆ ನಾನು ಹೇಳಿದ ಸಮಯಕ್ಕೂ ಒಂದು ಕಾಲಂ ಇದ್ದಿದ್ದರೆ ನನ್ನ ಎರಡು ಚಿತ್ರಗಳಲ್ಲಿ ಒಂದನ್ನು ಹರಿದು ಹಾಕಬಹುದಿತ್ತು. ಇರಲಿಲ್ಲ.

ಸಂಜೆ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಡ್ರೈಯರಣ್ಣ ಪಕ್ಕಕ್ಕೆ ಬಂದು ನಿಂತರು. ಕೈಯೆಲ್ಲ ಇನ್ನೂ ಹಳದಿ.

"ಅಮ್ಮಿ" ಎಂದರು. "ನೀ ಯಾವ್ ಬುಡು ಅಂದೆ ಅಂತ ನಂಗೊತ್ತು ಕಣ."

ನಾನು ರಸ್ತೆ ನೋಡುತ್ತಿದ್ದೆ.

"ನೀರ್ ಬುಡು ಅನ್ನೋರು ಒಂದೇ ಸಲ ಅಂದ್ಬುಡ್ತಾರ. ನೀ ಎರಡ್ಸಲ ಅಂದೆ. ಬುಡಣ್ಣ, ಬುಡು. ಅದು ಸುಮ್ಕಿರು ಅನ್ನೋ ಬುಡು."

"ಗೊತ್ತಿದ್ದೂ ತಿರುಗಿಸಿದ್ರಾ?"

"ಗೊತ್ತಿದ್ದೇ ತಿರುಗ್ಸಿದ್ದು."

"ಒಳಗೆ ಏನೂ ಇಲ್ಲದಿದ್ದರೆ?"

"ನಿನ್ ಮ್ಯಾಲೆ ಹಾಕ್ತಿದ್ದೆ." ನಕ್ಕರು. ನಾನು ನಗಲಿಲ್ಲವೆಂದು ಕಂಡು ಅವರೂ ನಿಲ್ಲಿಸಿದರು. "ಇಪ್ಪತ್ ಜನ ಹೆಂಗುಸ್ರು ಕೂತವ್ರೆ ಕಣಮ್ಮಿ. ನೀ ಕಾಣೆ, ನಿಂಗ್ ಗಾಜಡ್ಡ."

ಬಸ್ಸು ಬಂತು. ಅವರು ಹತ್ತಲಿಲ್ಲ, ಅವರದು ಇನ್ನೊಂದು ಕಡೆಯ ಬಸ್ಸು.

ಮರುದಿನ ಇಂಟರ್‌ಕಾಂ ಪಕ್ಕದಲ್ಲಿ ಇಂಜಿನಿಯರ್ ಒಂದು ಹಾಳೆ ಅಂಟಿಸಿದ್ದರು: ಹೌದು ಅಥವಾ ಬೇಡ. ಬೇರೆ ಮಾತು ಆಡಬಾರದು. ಚಕ್ರದ ಮೇಲಿನ ಹಳೆಯ ಚೀಟಿ ಹಾಗೇ ಇತ್ತು. ಡ್ರೈಯರಣ್ಣನೂ ಚಕ್ರದ ಪಕ್ಕದಲ್ಲಿ ಹಾಗೇ ಇದ್ದರು. ಬಜರಿನ ಮೇಲಿನ ಪಟ್ಟಿಯನ್ನು ನಾನು ಕಿತ್ತೆ, ಅದರ ಅಂಟು ಉಳಿದುಕೊಂಡು ಸದ್ದು ಸ್ವಲ್ಪ ಮೂಗಿನಿಂದ ಬರುವ ಹಾಗಾಯಿತು.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಅಂಕೆ ಅಲುಗಾಡಿದರೆ ಹೆದರಿಕೆಯಾಗುತ್ತಿತ್ತು, ಅಲುಗಾಡದಿದ್ದರೆ ಇನ್ನೂ ಹೆಚ್ಚು. ಎಂಬತ್ತೆರಡು ಎರಡು ನಿಮಿಷ ನಿಂತರೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ. ಅಂಕೆಯನ್ನು ನಂಬಿ ಕೆಟ್ಟಿದ್ದೆ, ಮೂಗನ್ನು ನಂಬಲು ಅದು ನನ್ನ ಮೂಗಲ್ಲ. ಅದೇ ಮೂಗು ಎರಡು ವಾರದ ಹಿಂದೆ ಆಲೆಮನೆಗೆ ಮೋಸ ಹೋಗಿತ್ತಲ್ಲ. ಒಂದು ದಿನ ಹನ್ನೊಂದರ ಸುಮಾರಿಗೆ ಇಂಟರ್‌ಕಾಂ ಗೊರಗುಟ್ಟಿತು.

"ಮೇಡಮ್ಮಿ, ವಾಸ್ನೆ ಇಲ್ಲ."

"ಏನಣ್ಣ?"

"ಏನಿಲ್ಲ. ವಾಸ್ನೆ ಇಲ್ಲ ಅಂತ ಯೋಳ್ದೆ. ನಿಂದೆಷ್ಟದ?"

"ಎಂಬತ್ತೆರಡು."

"ಅಲ್ಲಾಡ್ತಾ ಅದಾ?"

ನೋಡಿದೆ. ಅಲ್ಲಾಡುತ್ತಿರಲಿಲ್ಲ. ಹೌದು ಅಥವಾ ಬೇಡ ಎಂಬ ಹಾಳೆ ಎದುರಿಗಿತ್ತು. ಎರಡರಲ್ಲಿ ಯಾವುದೂ ಅವರು ಕೇಳಿದ್ದಕ್ಕೆ ಉತ್ತರವಾಗಿರಲಿಲ್ಲ.

"ಇರಣ್ಣ, ಬತ್ತೀನಿ" ಎಂದು ಎದ್ದು ಹೊರಟೆ. ಹಂಗಳದವಳು ನನ್ನನ್ನು ನೋಡಿ ಬಾಯಿ ತೆರೆದಳು, ಆಮೇಲೆ ಅದನ್ನು ಮುಚ್ಚಿ, ತನ್ನ ಮುಂದಿನ ತಟ್ಟೆಯನ್ನು ಸರಿಸಿ ನನಗೆ ದಾರಿ ಬಿಟ್ಟಳು.